ಕುರ್ಚಿ ಬಿಡೋ ದಿನಕ್ಕೂ ಬೆಟ್!

ನಾಯಕ ಯಾವಾಗ ಕುರ್ಚಿ ಬಿಡ್ತಾನೆ? ನಮ್ಮಲ್ಲಿ ಇದಕ್ಕೆ ಕದ್ದುಮುಚ್ಚಿ ದುಡ್ಡು ಕಟ್ತಾರೆ. ಬ್ರಿಟನ್‌ನಲ್ಲಿ ರಾಜಾರೋಷವಾಗಿ ಅಂಗಡಿಗೇ ಹೋಗಿ ಕಟ್ಟಬಹುದು. ಅಲ್ಲಿ ಬೆಟ್ಟಿಂಗ್ ಅಂಗಡಿಗಳು ಕಾನೂನುಬದ್ಧವಾಗಿ ಬಾಗಿಲು ತೆರೆದಿದ್ದು 1961ರಲ್ಲಿ. 1963ರಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ರಾಜೀನಾಮೆ ಕೊಟ್ಟಾಗ, ಕನ್ಸರ್ವೇಟಿವ್ ಪಕ್ಷದ ಮುಂದಿನ ನಾಯಕ ಯಾರು ಅಂತ ಲ್ಯಾಡ್‌ಬ್ರೋಕ್ಸ್ ಕಂಪನಿ ಬೆಟ್ ತೆಗೆದುಕೊಂಡಿತು. ಈಗಂತೂ ಹೊಸ ನಾಯಕ ಬಂದು ಕೂರೋದೇ ತಡ, ಹೋಗೋದು ಯಾವ ವರ್ಷ ಅಂತ ದರ ಸಿದ್ಧ. 2022ರಲ್ಲಿ ಲಿಜ್ ಟ್ರಸ್ 45ನೇ ದಿನಕ್ಕೇ ರಾಜೀನಾಮೆ ಘೋಷಿಸಿದರು!

ನೋಡಿ, ರೇಸ್ ಕುದುರೆಗೆ ತಾನು ಗೆಲ್ತೀನಾ ಅಂತ ಗೊತ್ತಿರಲ್ಲ. ನಾಯಕನಿಗೆ ತಾನು ಯಾವತ್ತು ಹೋಗ್ತೀನಿ ಅಂತ ಗೊತ್ತಿರುತ್ತೆ. ಅವನ ಪಿಎಗೂ ಗೊತ್ತಿರುತ್ತೆ. ತಕರಾರು ಇರೋದೇ ಇಲ್ಲಿ. ರೋಮ್‌ನಲ್ಲಿ ಪೋಪ್ ಆಯ್ಕೆಯ ಮೇಲೂ ಬೆಟ್ ನಡೀತಿತ್ತು, ಒಳಗಿನ ಸುದ್ದಿಗೆ ಬೆಲೆ ಬರ್ತಿತ್ತು. 1591ರಲ್ಲಿ ಪೋಪ್ 14ನೇ ಗ್ರೆಗರಿ ಅದನ್ನೂ, ಪೋಪ್ ಎಷ್ಟು ಕಾಲ ಇರ್ತಾರೆ ಅನ್ನೋ ಬೆಟ್ಟನ್ನೂ ನಿಷೇಧಿಸಿದರು. ತಪ್ಪಿದರೆ ಧರ್ಮದಿಂದಲೇ ಬಹಿಷ್ಕಾರ. (ಪಾಪ, ಅವರೂ ಇದ್ದಿದ್ದು ಒಂದು ವರ್ಷಕ್ಕಿಂತ ಕಡಿಮೆ.)

2024ರಲ್ಲಿ ಏನಾಯ್ತು? ಸುನಕ್ ಚುನಾವಣೆ ಘೋಷಿಸಿದ್ದು ಮೇ 22ಕ್ಕೆ. ಮೂರು ದಿನ ಮೊದಲೇ ಅವರ ಆಪ್ತ ಸಂಸದರೊಬ್ಬರು ಜುಲೈನಲ್ಲೇ ಚುನಾವಣೆ ಅಂತ 100 ಪೌಂಡ್ ಕಟ್ಟಿದ್ದರು.