ವಿದೇಶಕ್ಕೆ ಹೊರಟಿದ್ದೀರಾ? ಆರೋಗ್ಯದ ತಯಾರಿ ಊರಿನಲ್ಲೇ ಆಗಲಿ

ಹಿಂದೂಪುರ, ಕಲ್ಯಾಣದುರ್ಗದ ಕಡೆಯಿಂದ ಕೆಲಸಕ್ಕೆಂದು ಕೊಲ್ಲಿ ದೇಶಗಳಿಗೆ, ಹಜ್ ಯಾತ್ರೆಗೆ, ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವವರಿದ್ದಾರೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ವಿಮಾನ ಹತ್ತುವುದೂ ಸುಲಭವಾಯಿತು. ಪಾಸ್‌ಪೋರ್ಟ್, ವೀಸಾಗಳನ್ನು ಹತ್ತು ಸಲ ನೋಡಿಕೊಳ್ಳುವವರು ಆರೋಗ್ಯದ ವಿಷಯ ಬಂದಾಗ ಮಾತ್ರ 'ಅಲ್ಲಿಗೆ ಹೋದ ಮೇಲೆ ನೋಡೋಣ' ಅನ್ನುತ್ತಾರೆ. ಆದರೆ ಇಲ್ಲೇ ಮುಗಿಸಬೇಕಾದ ಕೆಲಸಗಳು ಕೆಲವಿವೆ.

ಆ ಬಿಸಿಲೇ ಬೇರೆ

'ಅನಂತಪುರದ ಬಿಸಿಲು ಕಂಡವರಿಗೆ ದುಬೈ ಬಿಸಿಲು ಏನು ಮಹಾ' ಅನ್ನಬೇಡಿ. ನಮ್ಮದು ಒಣ ಬಿಸಿಲು. ಬೆವರು ಬೇಗ ಆರಿ ಮೈ ತಂಪಾಗುತ್ತದೆ. ದುಬೈ, ದೋಹಾದಂಥ ಕಡಲತೀರದ ಊರುಗಳಲ್ಲಿ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯ ಕಾವು ಒಳಗೇ ಏರುತ್ತದೆ. ಹೊಸ ಹವೆಗೆ ಒಗ್ಗಲು ಒಂದೆರಡು ವಾರ ಬೇಕು. ಬಾಯಾರುವ ಮೊದಲೇ ನೀರು ಕುಡಿಯಿರಿ. ತಲೆಸುತ್ತು, ವಾಂತಿ, ಮಾತಿನಲ್ಲಿ ತೊದಲು ಕಂಡರೆ ಕೆಲಸ ನಿಲ್ಲಿಸಿ, ನೆರಳಿಗೆ ಬಂದು, ಕೂಡಲೇ ಜೊತೆಯವರಿಗೆ ತಿಳಿಸಿ.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಈ ನಿಯಮ ನಿಮಗೆ ಗೊತ್ತಿರಲಿ.

ಮೆಕ್ಕಾದ ಒಣ ಬಿಸಿಲೂ ಸಣ್ಣದಲ್ಲ. 2024ರ ಹಜ್ ವೇಳೆ ತಾಪಮಾನ 50 ಡಿಗ್ರಿ ದಾಟಿತ್ತು. 1,300ಕ್ಕೂ ಹೆಚ್ಚು ಯಾತ್ರಿಗಳು ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಅಧಿಕೃತ ಅನುಮತಿ ಇಲ್ಲದೆ ಹೋದವರು, ನೆರಳಿನ ಆಸರೆಯಿಲ್ಲದೆ ದೂರ ನಡೆದವರು.

ಗಂಟಿನಲ್ಲಿ ಏನಿದೆ?

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಟ್ರಮಡಾಲ್ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೊಲ್ಲಿ ದೇಶಗಳಲ್ಲಿ ನಿಯಂತ್ರಿತ ಔಷಧಿಗಳು. ಅನುಮತಿ ಇಲ್ಲದೆ ಒಯ್ದರೆ ಜೈಲು ಸೇರಬೇಕಾದೀತು. ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಗಸಗಸೆಯೂ ಯುಎಇ, ಸೌದಿಯಲ್ಲಿ ನಿಷಿದ್ಧ. ಪಾಯಸ ಊರಿನಲ್ಲೇ ಉಂಡು ಹೊರಡಿ. ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ.

ಲಸಿಕೆ, ತಪಾಸಣೆ, ವಿಮೆ

* ಹಜ್‌ಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಸೌದಿ ತಲುಪುವ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು.
* ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಇದೂ 10 ದಿನ ಮೊದಲು. 2016ರಿಂದ ಇದರ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಆ ದೇಶಗಳಿಂದ ಮರಳಿದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.
* ಕೊಲ್ಲಿ ದೇಶಗಳ ಕೆಲಸದ ವೀಸಾಕ್ಕೆ ಎದೆಯ ಎಕ್ಸ್‌ರೇ, ಎಚ್‌ಐವಿ, ಕಾಮಾಲೆ ಪರೀಕ್ಷೆಗಳಿವೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಏಜೆಂಟರಿಗೆ ಹಣ ಕಟ್ಟುವ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಟಿಬಿಯ ಪರೀಕ್ಷೆ, ಚಿಕಿತ್ಸೆ ಎರಡೂ ಅಲ್ಲಿ ಉಚಿತ.
* ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಹೋಗುವವರಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. ಅದರ ಪ್ರತಿಯೊಂದು ಮನೆಯಲ್ಲೂ ಇರಲಿ.

ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಯಾವ ದೇಶದಲ್ಲಿ ಇದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಆಫ್ರಿಕಾದಿಂದ ಬಂದವರ ಮಲೇರಿಯಾ ಸಾದಾ ಜ್ವರವೆಂದು ಕಾಣಿಸಿ ಜೀವಕ್ಕೇ ಕುತ್ತು ತರಬಹುದು.