ಗುಡ್ಡದ ಮೇಲಿನ ಅಲೋಶಿಯಸ್

ಕೂಕಟ್‌ಪಲ್ಲಿಯ ಕೇಳುಗರೊಬ್ಬರು ಫೋನ್ ಮಾಡಿದ್ದರು. "ಮಗಳು ಇಂಜಿನಿಯರಿಂಗ್ ಬೇಡ, ಮಂಗಳೂರಿನ ಅಲೋಶಿಯಸ್‌ನಲ್ಲಿ ಪತ್ರಿಕೋದ್ಯಮ ಓದ್ತೀನಿ ಅಂತಾಳೆ. ಅದು ಡೀಮ್ಡ್ ಅಂತೆ ಮೇಡಂ, ಗಟ್ಟಿಯೇ?" ಬೀದಿಗೆ ನಾಲ್ಕು ಕೋಚಿಂಗ್ ಸೆಂಟರ್ ಇರುವ ಕಡೆ ಇಂಥ ಮಗಳೂ ಇದ್ದಾಳಲ್ಲ ಎಂದು ಕನ್ನಡ ಬಿ.ಎ. ಓದಿದ ನನಗೆ ಖುಷಿಯೋ ಖುಷಿ.

ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ರಂದು. 1880ರ ಜನವರಿ 12ಕ್ಕೆ ಕೋಡಿಯಾಲ್‌ಬೈಲಿನಲ್ಲಿ ಪಾಠ ಶುರು. 1885ರಲ್ಲಿ ಗುಡ್ಡದ ಮೇಲೆ ಸ್ವಂತ ಕಟ್ಟಡ. ಅಲ್ಲಿನ ಚಾಪೆಲ್‌ನಲ್ಲಿ ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು ನೋಡಲೆಂದೇ ಜನ ಹೋಗುತ್ತಾರೆ.

ಆದರೆ ಪದವಿಪತ್ರದ ಮೇಲೆ ಮಾತ್ರ ಯಾವಾಗಲೂ ಬೇರೆಯವರ ಹೆಸರು! ಮೊದಲು ಮದ್ರಾಸ್ ವಿಶ್ವವಿದ್ಯಾಲಯ. ಆಗ ಗುಂಟೂರಿನ ಹುಡುಗರದೂ ಮಂಗಳೂರಿನ ಹುಡುಗರದೂ ಒಂದೇ ಪ್ರಾಂತ್ಯ. ಏಕೀಕರಣದ ಮೇಲೆ ಮೈಸೂರು, 1980ರಿಂದ ಮಂಗಳೂರು ವಿ.ವಿ. 2007ರಲ್ಲಿ ಸ್ವಾಯತ್ತತೆ ಬಂದರೂ ಪದವಿ ಮಂಗಳೂರು ವಿ.ವಿ.ಯದ್ದೇ. 2024ರಲ್ಲಿ ಡೀಮ್ಡ್ ಆಯಿತು. ಅಂದರೆ ಯುಜಿಸಿ ಸಲಹೆಯ ಮೇಲೆ ಕೇಂದ್ರ ಸರ್ಕಾರವೇ ಘೋಷಿಸಿದ್ದು. ಪದವಿಯನ್ನು ಈಗ ತಾನೇ ಕೊಡುತ್ತದೆ. ಆದ್ದರಿಂದ ಗಟ್ಟಿಯೇ. ಶುಲ್ಕವನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಬಿ.ಎ., ಬಿ.ಎಸ್ಸಿ., ಬಿ.ಕಾಂ. ಇವೆ, ಎಂ.ಎಸ್.ಡಬ್ಲ್ಯು., ಎಂ.ಸಿ.ಎ., ಎಂ.ಬಿ.ಎ. ಕೂಡ. ನನಗೆ ಆಸೆ ಹುಟ್ಟಿಸಿದ್ದು ಬೇರೆ: 2009ರಲ್ಲಿ ಶುರುವಾದ ಅವರದೇ ಸಮುದಾಯ ಬಾನುಲಿ, ರೇಡಿಯೊ ಸಾರಂಗ್ 107.8. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಅಲ್ಲಿ ಕೇಳುತ್ತವೆ. ನಾನು ಮೈಕ್ ಮುಟ್ಟಿದ್ದು ಬಿ.ಎ. ಮುಗಿದ ಎಷ್ಟೋ ದಿನಗಳ ಮೇಲೆ.

ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಕಾಚಿಗುಡದಿಂದ ಮಂಗಳೂರಿಗೆ ಯಾವ ಯಾವ ದಿನ ರೈಲು ಎಂದು ಕೇಳಿದರು.