ದಾಸನೋ, ಗುಲಾಮನೋ? ಬೈಬಲಿನ ನೀತಿಯ ಮೇಲೆ ನಡೆದುಬಂದ ವಾದ

1860ರ ಆಸುಪಾಸು. ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಇಬ್ಬರು ಒಟ್ಟಿಗೆ ಕೂತು ಬೈಬಲನ್ನು ಜುಲು ಭಾಷೆಗೆ ತರುತ್ತಿದ್ದರು. ಒಬ್ಬರು ಆಂಗ್ಲಿಕನ್ ಬಿಷಪ್ ಜಾನ್ ವಿಲಿಯಂ ಕೊಲೆನ್ಸೊ. ಇನ್ನೊಬ್ಬರು ಅವರಿಗೆ ಜುಲು ಕಲಿಸಿಕೊಟ್ಟು ಅನುವಾದಕ್ಕೆ ಕೈಜೋಡಿಸಿದ್ದ ಸ್ಥಳೀಯ ಕ್ರೈಸ್ತ. ಅವರನ್ನು ವಿಲಿಯಂ ಎನ್‌ಗಿಡಿ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ವಿಮೋಚನಕಾಂಡದ 21ನೇ ಅಧ್ಯಾಯಕ್ಕೆ ಬಂದಾಗ ಕೆಲಸ ನಿಂತಿತು. ಯಜಮಾನನು ಗುಲಾಮನನ್ನು ಕೋಲಿನಿಂದ ಹೊಡೆದು ಅವನು ಅಲ್ಲೇ ಸತ್ತರೆ ಶಿಕ್ಷೆಯುಂಟು, ಒಂದೆರಡು ದಿನ ಬದುಕಿ ಆಮೇಲೆ ಸತ್ತರೆ ಶಿಕ್ಷೆಯಿಲ್ಲ, ಏಕೆಂದರೆ ಅವನು ಯಜಮಾನನ ಹಣ ಎಂಬ ಕಟ್ಟಳೆ ಅಲ್ಲಿದೆ. ಕರುಣಾಳು ಎಂದು ತಾನು ನಂಬಿದ್ದ ದೇವರ ಬಾಯಿಂದ ಈ ಮಾತು ಬಂದಿದೆ ಎಂದು ಕೇಳಿದ ಆ ಜುಲು ಮನುಷ್ಯ ಹೇಗೆ ನಡುಗಿಹೋದನೆಂಬುದನ್ನು ತಾನು ಎಂದೂ ಮರೆಯಲಾರೆನೆಂದು ಕೊಲೆನ್ಸೊ ಬರೆದುಕೊಂಡರು. ಈ ಮಾತಿರುವ ಅವರ ಪುಸ್ತಕದ ಮೊದಲ ಭಾಗ 1862ರಲ್ಲಿ ಹೊರಬಂತು. ಮರುವರ್ಷವೇ ಕೇಪ್‌ಟೌನಿನ ಹಿರಿಯ ಬಿಷಪ್ ಅವರನ್ನು ಪದವಿಯಿಂದ ಇಳಿಸಿದರು. ಲಂಡನ್ನಿನ ಪ್ರಿವಿ ಕೌನ್ಸಿಲ್ 1865ರಲ್ಲಿ ಆ ಆಜ್ಞೆಯನ್ನು ತಳ್ಳಿಹಾಕಿತು.

ಬೈಬಲಿನ ನೀತಿಯ ಮೇಲಿನ ಜಗಳ ಎಂದರೆ ಇಂದಿನವರಿಗೆ ಥಟ್ಟನೆ ನೆನಪಾಗುವುದು ರಿಚರ್ಡ್ ಡಾಕಿನ್ಸ್, ಕ್ರಿಸ್ಟಫರ್ ಹಿಚೆನ್ಸ್ ಇಂಥವರ ಹೆಸರು. ಒಂದು ಕಡೆ ನಾಸ್ತಿಕ, ಇನ್ನೊಂದು ಕಡೆ ಪಾದ್ರಿ, ನಡುವೆ ಮೈಕು. ಆ ಚಿತ್ರ ತೀರಾ ಈಚಿನದು. ಅತ್ಯಂತ ಕಠಿಣ ಪ್ರಶ್ನೆಗಳು ಹುಟ್ಟಿದ್ದು ನಂಬಿದವರ ನಡುವೆಯೇ, ಅದರಲ್ಲೂ ಆ ಗ್ರಂಥದ ಪೆಟ್ಟು ತಿಂದವರ ನಡುವೆ. ಈ ವಾದದ ಚರಿತ್ರೆಯನ್ನು ಓದಿದಷ್ಟೂ ನನಗೆ ಗಟ್ಟಿಯಾಗುತ್ತ ಹೋದ ಮಾತು ಇದು.

ಕ್ರಿ.ಶ. 2ನೇ ಶತಮಾನದಲ್ಲೇ ಮಾರ್ಸಿಯನ್ ಎಂಬ ಶ್ರೀಮಂತ ಹಡಗು ವ್ಯಾಪಾರಿ ರೋಮಿಗೆ ಬಂದು, ಯೇಸು ತೋರಿಸಿದ ತಂದೆಯೂ ಯೆಹೂದ್ಯ ಗ್ರಂಥದ ಯುದ್ಧದೇವರೂ ಒಬ್ಬರೇ ಆಗಿರಲು ಸಾಧ್ಯವಿಲ್ಲ ಎಂದು ಸಾರಿದ. 144ರಲ್ಲಿ ಅಲ್ಲಿನ ಸಭೆ ಅವನನ್ನು ಹೊರಹಾಕಿತು. ಅವನನ್ನು ಖಂಡಿಸಲು ಟೆರ್ಟುಲಿಯನ್ ಐದು ಸಂಪುಟ ಬರೆಯಬೇಕಾಯಿತು ಎಂದರೆ ಪೆಟ್ಟು ಎಷ್ಟು ಆಳಕ್ಕೆ ಬಿದ್ದಿತ್ತೆಂದು ಊಹಿಸಬಹುದು. 3ನೇ ಶತಮಾನದ ಒರಿಜೆನ್ ಬೇರೆ ದಾರಿ ಹಿಡಿದ. ಯೆಹೋಶುವನ ಪುಸ್ತಕದಲ್ಲಿ ಕೊಲೆಯಾಗುವ ಕಾನಾನ್ಯರು ನಮ್ಮೊಳಗಿನ ದುರ್ಗುಣಗಳು, ಆ ಯುದ್ಧಗಳು ಅಂತರಂಗದ ಯುದ್ಧಗಳು ಎಂದ. ಹಾಗಲ್ಲದಿದ್ದರೆ ಶಾಂತಿ ಬೋಧಿಸಿದವನ ಶಿಷ್ಯರು ಈ ಪುಸ್ತಕವನ್ನು ಸಭೆಯಲ್ಲಿ ಓದಲು ಕೊಡುತ್ತಲೇ ಇರಲಿಲ್ಲ ಎಂಬುದು ಅವನ ತರ್ಕ. 4ನೇ ಶತಮಾನದ ನಿಸ್ಸದ ಗ್ರೆಗರಿ ಇನ್ನೂ ನೇರ. ಈಜಿಪ್ಟಿನ ಚೊಚ್ಚಲ ಮಕ್ಕಳ ಸಾವಿನ ಕತೆಗೆ ಬಂದು, ಅಪ್ಪ ಮಾಡಿದ ಪಾಪಕ್ಕೆ ಹಸುಗೂಸು ಸತ್ತರೆ ನ್ಯಾಯ ಎಲ್ಲಿದೆ ಎಂದು ಕೇಳಿ, ಅಕ್ಷರಾರ್ಥವನ್ನೇ ಪಕ್ಕಕ್ಕಿಟ್ಟ. ಇದೇ ಗ್ರೆಗರಿ ಒಂದು ಪ್ರವಚನದಲ್ಲಿ, ದೇವರ ರೂಪದಲ್ಲಿ ಹುಟ್ಟಿದ ಮನುಷ್ಯನಿಗೆ ಬೆಲೆ ಕಟ್ಟಲು ನೀನು ಯಾರು ಎಂದು ಗುಲಾಮರ ಒಡೆಯರನ್ನು ತರಾಟೆಗೆ ತೆಗೆದುಕೊಂಡಿದ್ದಾನೆ. ಪ್ರಾಚೀನ ಬರಹಗಳಲ್ಲಿ ಅಷ್ಟು ನೇರವಾದ ಖಂಡನೆ ಸಿಗುವುದು ಬಲು ಅಪರೂಪ.

ಆದರೆ ಸಭೆಯಲ್ಲಿ ಕೊನೆಗೆ ಗೆದ್ದದ್ದು ಅಗಸ್ಟೀನನ ನಿಲುವು: ಮೋಶೆ ಯುದ್ಧ ಮಾಡಿದ್ದು ಕ್ರೌರ್ಯದಿಂದಲ್ಲ, ದೇವರ ಆಜ್ಞೆಯಿಂದ, ಆದ್ದರಿಂದ ಅದು ನ್ಯಾಯವೇ. ಈ ಒಂದು ವಾಕ್ಯದ ಮೇಲೆ ಮುಂದಿನ ಸಾವಿರ ವರ್ಷ ನಿಂತಿತು.

ಅದನ್ನು ಅಲುಗಾಡಿಸಿದ್ದು 17ನೇ ಶತಮಾನ. 1697ರಲ್ಲಿ ಹೊರಬಂದ ತನ್ನ ನಿಘಂಟಿನಲ್ಲಿ ಪಿಯೆರ್ ಬೇಲ್ ದಾವೀದನ ಮೇಲೆ ಒಂದು ಲೇಖನ ಬರೆದ. ದೇವರಿಗೆ ಮೆಚ್ಚಿನವನಾಗಿದ್ದ ಆ ಅರಸನ ಕೊಲೆ, ಮೋಸ, ವ್ಯಭಿಚಾರಗಳನ್ನು ಬೇರೆ ಯಾವ ಅರಸನನ್ನು ಅಳೆಯುವ ಕೋಲಿನಿಂದ ಅಳೆಯುತ್ತೇವೋ ಅದರಿಂದಲೇ ಅಳೆದ. ರಾಟರ್‌ಡ್ಯಾಮಿನ ಅವನ ಸಭೆಯವರು ಸಿಟ್ಟಾಗಿ, ಮುಂದಿನ ಮುದ್ರಣದಲ್ಲಿ ಅದನ್ನು ತಿದ್ದಬೇಕೆಂದು ಪಟ್ಟು ಹಿಡಿದರು. ಇಂಗ್ಲೆಂಡಿನಲ್ಲಿ ಟಿಂಡಲ್, ಮಾರ್ಗನ್ ಮೊದಲಾದ ಡೀಯಿಸ್ಟರು ಇದೇ ಜಾಡಿನಲ್ಲಿ ಬರೆದರು. ದೇವರನ್ನು ನಂಬುತ್ತೇವೆ, ಆದರೆ ಈ ಗ್ರಂಥದ ದೇವರನ್ನಲ್ಲ ಎಂಬುದು ಅವರ ಮಾತು. ಥಾಮಸ್ ಪೇನ್ ಕೂಡ ಅವರ ಪಂಗಡದವನೇ. ಅವನನ್ನು ನಾಸ್ತಿಕನೆಂದು ಕರೆದವರು ಅವನ ಪುಸ್ತಕದ ಮೊದಲ ಪುಟವನ್ನೂ ಓದಿರಲಾರರು.

ಪೇನ್‌ನ 'ದಿ ಏಜ್ ಆಫ್ ರೀಸನ್' 1794 ಮತ್ತು 1795ರಲ್ಲಿ ಎರಡು ಭಾಗಗಳಾಗಿ ಬಂತು. ಅರಣ್ಯಕಾಂಡದ 31ನೇ ಅಧ್ಯಾಯದಲ್ಲಿ, ಸೋತ ಮಿದ್ಯಾನ್ಯರ ಗಂಡುಮಕ್ಕಳನ್ನೂ ಪುರುಷನನ್ನು ಕೂಡಿದ ಹೆಂಗಸರನ್ನೂ ಕೊಂದು ಕನ್ಯೆಯರನ್ನು ಉಳಿಸಿಕೊಳ್ಳಿರೆಂದು ಮೋಶೆ ಹೇಳುತ್ತಾನೆ. ಆ ತಾಯಂದಿರಲ್ಲಿ ಒಬ್ಬಳ ಜಾಗದಲ್ಲಿ, ಆ ಹುಡುಗಿಯರಲ್ಲಿ ಒಬ್ಬಳ ಜಾಗದಲ್ಲಿ ನಿಂತು ನೋಡಿ ಎಂದು ಪೇನ್ ಓದುಗರನ್ನು ಕೇಳಿದ. ಲ್ಯಾಂಡಾಫ್‌ನ ಬಿಷಪ್ ರಿಚರ್ಡ್ ವಾಟ್ಸನ್ 1796ರಲ್ಲಿ ಉತ್ತರ ಬರೆದರು. ಹುಡುಗಿಯರನ್ನು ಉಳಿಸಿಕೊಂಡದ್ದು ಕಾಮಕ್ಕಲ್ಲ, ಗುಲಾಮಗಿರಿಗೆ ಎಂಬುದು ಅವರ ಸಮರ್ಥನೆಯ ಒಂದು ಎಳೆ. ಭೂಕಂಪ ಮಕ್ಕಳನ್ನೂ ನುಂಗುತ್ತದಲ್ಲ, ಪ್ರಕೃತಿಯ ದೇವರನ್ನು ನಂಬುವ ನೀನು ಅದಕ್ಕೇನು ಹೇಳುತ್ತೀಯೆ ಎಂಬುದು ಇನ್ನೊಂದು. ಎರಡನೆಯದಕ್ಕೆ ತೂಕವಿದೆ. ಡೀಯಿಸ್ಟನಾದ ಪೇನ್‌ನನ್ನು ಅದು ನಿಜಕ್ಕೂ ಕಟ್ಟಿಹಾಕುತ್ತದೆ. ಮೊದಲನೆಯದನ್ನು ಓದುವಾಗ ಇಂದಿಗೂ ಹೊಟ್ಟೆ ತೊಳಸುತ್ತದೆ.

1797ರಲ್ಲಿ ಪೇನ್‌ನ ಪುಸ್ತಕ ಮಾರಿದ್ದಕ್ಕೆ ಲಂಡನ್ನಿನ ಪುಸ್ತಕ ವ್ಯಾಪಾರಿ ಥಾಮಸ್ ವಿಲಿಯಮ್ಸ್ ಅಪರಾಧಿಯೆನಿಸಿದ. ಮರುವರ್ಷ, 1798ರಲ್ಲಿ, ಕವಿ ವಿಲಿಯಂ ಬ್ಲೇಕ್ ವಾಟ್ಸನ್ನರ ಪುಸ್ತಕದ ಅಂಚುಗಳ ತುಂಬ ಪೆನ್ನಿನಲ್ಲಿ ಕಿಡಿಕಾರಿದ. ಬ್ಲೇಕ್ ಯೇಸುವನ್ನು ಉಸಿರಿನಂತೆ ಹಚ್ಚಿಕೊಂಡವನು. ಆದರೂ ಈ ಜಗಳದಲ್ಲಿ ಬಿಷಪ್ಪರಿಗಿಂತ ಪೇನ್‌ನೇ ಹೆಚ್ಚು ಕ್ರೈಸ್ತನೆಂದು ಅವನಿಗೆ ಕಂಡಿತು. ಅದೇ 1798ರಲ್ಲಿ ಜರ್ಮನಿಯಲ್ಲಿ ತತ್ತ್ವಶಾಸ್ತ್ರಜ್ಞ ಕಾಂಟ್ ಅಬ್ರಹಾಮನ ಕತೆಗೆ ಉತ್ತರ ಕೊಟ್ಟ. ಮಗನನ್ನು ಬಲಿಕೊಡೆಂಬ ದನಿ ಕೇಳಿದಾಗ ಅಬ್ರಹಾಮ ಹೇಳಬೇಕಿದ್ದುದು ಇಷ್ಟೇ ಎಂದ: ಮಗನನ್ನು ಕೊಲ್ಲಬಾರದೆಂಬುದು ನನಗೆ ಖಚಿತ, ನೀನು ದೇವರೆಂಬುದು ಖಚಿತವಿಲ್ಲ.

ಇಲ್ಲಿಯವರೆಗೆ ಇದು ಓದುಬರಹ ಬಲ್ಲವರ ವಾದ. 19ನೇ ಶತಮಾನದಲ್ಲಿ ಅದು ಬೆನ್ನಿನ ಮೇಲೆ ಬಿದ್ದ ಚಾಟಿಯ ವಾದವಾಯಿತು. ವೆಸ್ಟ್ ಇಂಡೀಸಿನ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಬೈಬಲಿನ ಆಯ್ದ ಭಾಗಗಳನ್ನು ಅಚ್ಚು ಹಾಕಿದರು. ಯೋಸೇಫ ಗುಲಾಮನಾಗಿ ಮಾರಾಟವಾದ ಕತೆ ಅದರಲ್ಲಿ ಉಳಿದಿತ್ತು. ಇಸ್ರಾಯೇಲ್ಯರು ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಹೊರಟ ಕತೆ ಇರಲಿಲ್ಲ. ಆ ಕತ್ತರಿ ಆಡಿಸಿದವರಿಗೆ ಗ್ರಂಥದ ಯಾವ ಪುಟ ಯಾರ ಕಡೆಯದು ಎಂಬುದು ಚೆನ್ನಾಗಿ ಗೊತ್ತಿತ್ತು.

ಅಮೆರಿಕದಲ್ಲಿ ಗುಲಾಮಗಿರಿಯ ಪರ, ವಿರೋಧ ಎರಡೂ ಪಕ್ಷದವರ ಕೈಯಲ್ಲಿದ್ದದ್ದು ಅದೇ ಬೈಬಲು. ದಕ್ಷಿಣದ ಪಾದ್ರಿಗಳು ಯಾಜಕಕಾಂಡದ 25ನೇ ಅಧ್ಯಾಯ ತೆರೆದು, ಪರಜನಾಂಗದವರನ್ನು ಕೊಂಡು ಮಕ್ಕಳಿಗೆ ಸೊತ್ತಾಗಿ ಬಿಡಬಹುದೆಂದು ಬರೆದಿದೆಯಲ್ಲ ಎಂದರು. ಪೌಲನ ಪತ್ರಗಳಲ್ಲಿ ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಮಾತೂ ಅವರಿಗೆ ಸಿಕ್ಕಿತು. ವಿರೋಧಿಗಳು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ತೆರೆದು, ಓಡಿಬಂದ ಗುಲಾಮನನ್ನು ಒಡೆಯನಿಗೆ ಒಪ್ಪಿಸಬಾರದೆಂಬ ಕಟ್ಟಳೆ ತೋರಿಸಿದರು. 1845ರಲ್ಲಿ ಗುಲಾಮರನ್ನಿಟ್ಟುಕೊಂಡವರು ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಸಿಡಿದು ಬೇರೆಯಾಯಿತು. ಅದು ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷ ಕಳೆದ ಮೇಲೆ. ಬರಿಯ ವಚನಕ್ಕೆ ವಚನ ಎಣಿಸುವ ಆಟದಲ್ಲಿ ದಕ್ಷಿಣದವರ ಕೈ ಮೇಲಾಗಿತ್ತೆಂದು ಇತಿಹಾಸಕಾರ ಮಾರ್ಕ್ ನೋಲ್ ತೋರಿಸಿದ್ದಾರೆ, ಅವರು ಸ್ವತಃ ಶ್ರದ್ಧಾವಂತ ಕ್ರೈಸ್ತ.

ಈ ಕಾಲದ ಒಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಕಪ್ಪು ಜನರ ಧರ್ಮಚಿಂತಕ ಹೊವಾರ್ಡ್ ಥರ್ಮನ್ 1949ರ ತಮ್ಮ ಪುಸ್ತಕದಲ್ಲಿ ಅಜ್ಜಿಯ ವಿಷಯ ಹೇಳುತ್ತಾರೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದು ಬಾರದು, ಮೊಮ್ಮಗನೇ ವಾರವಾರವೂ ಬೈಬಲ್ ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು ಮಾತ್ರ ಓದಕೂಡದು. ಪ್ರೀತಿಯನ್ನು ಕುರಿತ ಆ ಒಂದು ಅಧ್ಯಾಯಕ್ಕೆ ಎಂದಾದರೊಮ್ಮೆ ವಿನಾಯಿತಿ. ದೊಡ್ಡವನಾದ ಮೇಲೆ ಕಾರಣ ಕೇಳಿದರೆ ಸಿಕ್ಕ ಉತ್ತರ: ಒಡೆಯನ ಪಾದ್ರಿ ಬಂದಾಗಲೆಲ್ಲ ದಾಸರೇ ವಿಧೇಯರಾಗಿರಿ ಎಂಬ ಪೌಲನ ಮಾತನ್ನೇ ಬೋಧಿಸುತ್ತಿದ್ದ. ಎಂದಾದರೂ ಬಿಡುಗಡೆಯಾದರೆ ಆ ಭಾಗವನ್ನು ಓದುವುದಿಲ್ಲವೆಂದು ಆಕೆ ದೇವರಿಗೇ ಮಾತು ಕೊಟ್ಟಿದ್ದಳು. ಗ್ರಂಥವನ್ನು ಬಿಡಲಿಲ್ಲ, ದೇವರನ್ನು ಬಿಡಲಿಲ್ಲ, ಒಂದು ಮಾತನ್ನು ಒಪ್ಪಲಿಲ್ಲ. ಯಾವ ತತ್ತ್ವಶಾಸ್ತ್ರಜ್ಞನಿಗೂ ಕಡಿಮೆಯಿಲ್ಲದ ವಿವೇಚನೆ ಅದು.

ಸಂಘಟಿತ ನಾಸ್ತಿಕತೆ ರಂಗಕ್ಕೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ರಾಬರ್ಟ್ ಇಂಗರ್ಸಾಲ್ ಮೋಶೆಯ ತಪ್ಪುಗಳನ್ನು ಕುರಿತು ಭಾಷಣ ಮಾಡಿದರೆ ಸಭಾಂಗಣಗಳು ತುಂಬುತ್ತಿದ್ದವು. 1888ರಲ್ಲಿ ಅವನಿಗೆ ಪತ್ರಿಕೆಯಲ್ಲಿ ಉತ್ತರ ಬರೆದದ್ದು ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್. ಲಂಡನ್ನಿನಲ್ಲಿ 'ದಿ ಫ್ರೀಥಿಂಕರ್' ಸಂಪಾದಕ ಜಿ. ಡಬ್ಲ್ಯು. ಫುಟ್ 1883ರಲ್ಲಿ ಧರ್ಮನಿಂದೆಗಾಗಿ ಒಂದು ವರ್ಷದ ಸೆರೆವಾಸಕ್ಕೆ ಗುರಿಯಾದ. ಎಲಿಜಬೆತ್ ಕೇಡಿ ಸ್ಟ್ಯಾಂಟನ್ 1895ರಲ್ಲಿ 'ದಿ ವುಮನ್ಸ್ ಬೈಬಲ್' ತಂದಾಗ ಆಕೆ ಕಟ್ಟಿ ಬೆಳೆಸಿದ ಮಹಿಳಾ ಮತದಾನ ಸಂಘಟನೆಯೇ ಮರುವರ್ಷ ಅದರಿಂದ ದೂರ ಸರಿಯಿತು. 1927ರಲ್ಲಿ ಬರ್ಟ್ರಂಡ್ ರಸೆಲ್ ಬಾಟರ್‌ಸೀ ಪುರಭವನದ ಭಾಷಣದಲ್ಲಿ ಅದುವರೆಗೆ ಹೆಚ್ಚಿನವರು ಮುಟ್ಟದ ಕಡೆಗೆ ಕೈಯಿಟ್ಟರು. ಹಳೆಯ ಒಡಂಬಡಿಕೆ ಹಾಗಿರಲಿ, ನಿತ್ಯ ನರಕವನ್ನು ನಂಬಿದ ಯೇಸುವಿನ ನೀತಿಯಲ್ಲೇ ಕೊರತೆಯಿದೆ ಎಂದರು.

ಕ್ರೈಸ್ತರ ಕಡೆಯಿಂದ ಬಂದ ಬಲವಾದ ಮರುಪ್ರಶ್ನೆ: ಅಳೆಯುವ ಕೋಲು ನಿಮಗೆ ಎಲ್ಲಿಂದ ಬಂತು? ದೇವರೇ ಇಲ್ಲದಿದ್ದರೆ ಮಿದ್ಯಾನ್ಯ ಮಗುವಿನ ಕೊಲೆ ತಪ್ಪೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ವಿಚಿತ್ರವೆಂದರೆ ಇದಕ್ಕೆ ಹರಿತ ಕೊಟ್ಟವನು ಕ್ರೈಸ್ತಧರ್ಮದ ಕಡುವೈರಿ ನೀಚೆ. ಕ್ರೈಸ್ತರ ದೇವರನ್ನು ಬಿಟ್ಟವನಿಗೆ ಕ್ರೈಸ್ತರ ನೀತಿಯ ಮೇಲೆ ಹಕ್ಕಿಲ್ಲ ಎಂದವನು ಅವನೇ. ಸಿ. ಎಸ್. ಲೂಯಿಸ್ ತಮ್ಮ ಆಸ್ತಿಕತೆಯ ಕಟ್ಟಡವನ್ನೇ ಅಂತಃಸಾಕ್ಷಿಯ ಮೇಲೆ ಎಬ್ಬಿಸಿದರು. 2019ರಲ್ಲಿ ಇತಿಹಾಸಕಾರ ಟಾಮ್ ಹಾಲೆಂಡ್ 'ಡೊಮಿನಿಯನ್'ನಲ್ಲಿ, ದುರ್ಬಲನ ಪರ ನಿಲ್ಲಬೇಕೆಂಬ ಇಂದಿನ ನಾಸ್ತಿಕನ ತುಡಿತವೂ ಶಿಲುಬೆಯ ಬಳುವಳಿಯೇ ಎಂದು ವಾದಿಸಿದರು. ಅದರಲ್ಲಿ ಸತ್ಯವಿದೆ. ಆದರೆ ಕೋಲು ಯಾರ ಮನೆಯದು ಎಂದು ತೀರ್ಮಾನವಾದ ಮಾತ್ರಕ್ಕೆ ಅಳೆದ ಅಳತೆ ಸುಳ್ಳಾಗುವುದಿಲ್ಲ. ಲೂಯಿಸ್ ಇದನ್ನು ಬಲ್ಲರು. ತೀರಿಕೊಂಡ ವರ್ಷವೇ, 1963ರಲ್ಲಿ, ಒಂದು ಪತ್ರದಲ್ಲಿ ಅವರು, ದೇವರು ಒಳ್ಳೆಯವನೆಂಬ ನಂಬಿಕೆ ಮತ್ತು ಗ್ರಂಥದಲ್ಲಿ ತಪ್ಪೇ ಇಲ್ಲವೆಂಬ ನಂಬಿಕೆ ಇವೆರಡರಲ್ಲಿ ಒಂದನ್ನು ಬಿಡಬೇಕಾದರೆ ಉಳಿಸಿಕೊಳ್ಳಬೇಕಾದದ್ದು ಮೊದಲನೆಯದನ್ನು ಎಂಬ ನಿಲುವು ತಳೆದರು.

2006ರ 'ದಿ ಗಾಡ್ ಡಿಲ್ಯೂಷನ್'ನಲ್ಲಿ ಡಾಕಿನ್ಸ್ ಒಂದು ಹಳೆಯ ಅಧ್ಯಯನವನ್ನು ಮತ್ತೆ ಬೆಳಕಿಗೆ ತಂದರು. ಇಸ್ರೇಲಿನ ಮನೋವಿಜ್ಞಾನಿ ಜಾರ್ಜ್ ಟಮಾರಿನ್ 1960ರ ದಶಕದಲ್ಲಿ 8ರಿಂದ 14 ವಯಸ್ಸಿನ ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಯೆರಿಕೋ ಪಟ್ಟಣದ ಸಂಹಾರವನ್ನು ಓದಿ ಹೇಳಿ, ಯೆಹೋಶುವ ಮಾಡಿದ್ದು ಸರಿಯೇ ಎಂದು ಕೇಳಿದ. ಶೇಕಡ 66 ಮಕ್ಕಳು ಪೂರ್ತಿ ಸರಿ ಎಂದರು. ಇನ್ನೊಂದು ಗುಂಪಿಗೆ ಅದೇ ಕತೆಯನ್ನು ಹೆಸರು ಬದಲಿಸಿ, ಮೂರು ಸಾವಿರ ವರ್ಷ ಹಿಂದಿನ ಚೀನಾದ ಜನರಲ್ ಲಿನ್‌ನದೆಂದು ಹೇಳಿದ. ಸರಿ ಎಂದವರು ಶೇಕಡ 7. ಮಕ್ಕಳಿಗೆ ನೀತಿ ತಿಳಿಯದೆ ಇರಲಿಲ್ಲ, ಲಿನ್‌ನ ವಿಷಯದಲ್ಲಿ ಚೆನ್ನಾಗಿಯೇ ತಿಳಿದಿತ್ತು.

ಇದಕ್ಕೆ ಬಂದ ಉತ್ತರಗಳಲ್ಲಿ ಗಮನಿಸಬೇಕಾದದ್ದು ಪಾಲ್ ಕೋಪನ್ 2011ರಲ್ಲಿ ಬರೆದದ್ದು. ಎಲ್ಲರನ್ನೂ ಸಂಹರಿಸಿದೆವೆಂಬುದು ಆ ಕಾಲದ ಯುದ್ಧವರ್ಣನೆಯ ಅತಿಶಯೋಕ್ತಿ ಎಂದರು ಅವರು. ಯೆಹೋಶುವನ 10ನೇ ಅಧ್ಯಾಯದಲ್ಲಿ ನಿರ್ನಾಮವಾದ ಹೆಬ್ರೋನ್ 15ನೇ ಅಧ್ಯಾಯದಲ್ಲಿ ಮತ್ತೆ ಜನರಿಂದ ತುಂಬಿದೆ. ಲೂವ್ರ್ ಸಂಗ್ರಹಾಲಯದಲ್ಲಿರುವ ಮೋವಾಬಿನ ಅರಸ ಮೇಷನ ಶಾಸನ ಇಸ್ರೇಲ್ ಶಾಶ್ವತವಾಗಿ ನಾಶವಾಯಿತು ಎನ್ನುತ್ತದೆ, ಇಸ್ರೇಲ್ ಆಮೇಲೂ ಇತ್ತು. ನಮಗೆ ಇದು ಹೊಸತೇನಲ್ಲ. ಚಾಲುಕ್ಯ ಅರಸರ 'ಸಮಸ್ತಭುವನಾಶ್ರಯ' ಬಿರುದನ್ನು ಓದಿ ಯಾವ ಕನ್ನಡಿಗನೂ ಸಮಸ್ತ ಭುವನವನ್ನು ಲೆಕ್ಕ ಹಾಕುವುದಿಲ್ಲ. ಆದರೂ ಈ ವಾದ ಕಡಿಮೆ ಮಾಡುವುದು ಹೆಣಗಳ ಎಣಿಕೆಯನ್ನು, ಆಜ್ಞೆಯನ್ನಲ್ಲ. ಸಮುವೇಲನ ಮೊದಲ ಪುಸ್ತಕದ 15ನೇ ಅಧ್ಯಾಯದಲ್ಲಿ ಅಮಾಲೇಕ್ಯರ ಮೊಲೆಗೂಸುಗಳನ್ನೂ ಬಿಡಬೇಡವೆಂದು ಆಜ್ಞೆಯಾಗುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸಿದ ಸೌಲ ರಾಜ್ಯವನ್ನೇ ಕಳೆದುಕೊಳ್ಳುತ್ತಾನೆ. ಕತೆಯೊಳಗೆ ಆಜ್ಞೆ ಅಕ್ಷರಶಃ ಆಜ್ಞೆಯೇ. ಸತ್ತ ಮಕ್ಕಳು ಸ್ವರ್ಗಕ್ಕೆ ಹೋದರೆಂದು ಕ್ರೈಸ್ತ ತತ್ತ್ವಶಾಸ್ತ್ರಜ್ಞ ವಿಲಿಯಂ ಲೇನ್ ಕ್ರೇಗ್ ಸಮಾಧಾನ ಹೇಳಿದರು. ಅದೇ ಕಾರಣ ಕೊಟ್ಟು ಡಾಕಿನ್ಸ್ 2011ರಲ್ಲಿ ಅವರೊಡನೆ ವೇದಿಕೆ ಹತ್ತಲು ನಿರಾಕರಿಸಿದರು. ಆಕ್ಸ್‌ಫರ್ಡಿನ ಸಭಾಂಗಣದಲ್ಲಿ ಒಂದು ಕುರ್ಚಿ ಖಾಲಿ ಉಳಿಯಿತು.

ಈ ಹೊತ್ತಿಗೆ ಪಕ್ಷಗಳ ಗಡಿಯೂ ಕಲಸಿಹೋಗಿದೆ. 1950ರ ದಶಕದ ಕ್ಯಾತ್ಲೀನ್ ಕೆನ್ಯನ್ ಉತ್ಖನನದಲ್ಲಿ ಯೆಹೋಶುವನ ಕಾಲಕ್ಕೆ ಹೊಂದುವ ಯೆರಿಕೋ ಕೋಟೆಗೋಡೆ ಸಿಗಲಿಲ್ಲ. ಸಂಹಾರ ನಡೆದೇ ಇಲ್ಲದಿರಬಹುದೆಂದು ಅನೇಕ ಕ್ರೈಸ್ತ ವಿದ್ವಾಂಸರೂ ಒಪ್ಪುತ್ತಾರೆ. ಎರಿಕ್ ಸೈಬರ್ಟ್‌ರಂಥವರು ಗ್ರಂಥ ಚಿತ್ರಿಸುವ ದೇವರನ್ನೂ ನಿಜದ ದೇವರನ್ನೂ ಬೇರೆ ಮಾಡಿ ನೋಡಬೇಕೆನ್ನುತ್ತಾರೆ. ಇದು ಮಾರ್ಸಿಯನ್ ಮತ್ತು ಒರಿಜೆನ್ ಬಿಟ್ಟುಹೋದ ಪ್ರಶ್ನೆಯೇ. ಇತ್ತ ಬಾಲ್ಯದಲ್ಲಿ ಪೆಂಟಿಕಾಸ್ಟ್ ಬೋಧಕನಾಗಿದ್ದು ನಾಸ್ತಿಕನಾದ ವಿದ್ವಾಂಸ ಹೆಕ್ಟರ್ ಅವಾಲೊಸ್, ಗುಲಾಮಗಿರಿ ವಿಷಯದಲ್ಲಿ ಗ್ರಂಥವನ್ನು ತೊಳೆದು ತೋರಿಸುವ ಪಾಂಡಿತ್ಯವನ್ನು ಸಾಲುಸಾಲಾಗಿ ಪರೀಕ್ಷೆಗೆ ಒಡ್ಡಿದರು. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಮೂಲನಿವಾಸಿ ಅಮೆರಿಕನ್ ಲೇಖಕ ರಾಬರ್ಟ್ ಅಲೆನ್ ವಾರಿಯರ್ 1989ರಲ್ಲಿ ಬರೆದ ಪುಟ್ಟ ಪ್ರಬಂಧ. ವಿಮೋಚನೆಯ ಕತೆಯೆಂದು ಎಲ್ಲರೂ ಕೊಂಡಾಡುವ ಕತೆಯನ್ನು ಅವರು ಕಾನಾನ್ಯರ ಪಕ್ಕದಲ್ಲಿ ನಿಂತು ಓದಿದರು. ವಾಗ್ದತ್ತ ದೇಶದಲ್ಲಿ ಆಗಲೇ ಜನರಿದ್ದರು, ಅಮೆರಿಕದಲ್ಲಿ ಅವರ ಜನರಿದ್ದ ಹಾಗೆ.

ಈ ಲೇಖನಕ್ಕೆ ಕೂತಾಗ ಕನ್ನಡ ಬೈಬಲಿನಲ್ಲಿ ವಿಮೋಚನಕಾಂಡದ 21ನೇ ಅಧ್ಯಾಯವನ್ನು ತೆರೆದೆ. ಬಳ್ಳಾರಿಯಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 19ನೇ ಶತಮಾನದ ಆರಂಭದಲ್ಲಿ ಕೈಹಾಕಿದ ಕನ್ನಡ ಅನುವಾದ ಹಲವು ಪರಿಷ್ಕರಣೆ ಕಂಡಿದೆ. ಅಲ್ಲಿ ಇರುವ ಪದ 'ದಾಸ'. ಹೀಬ್ರೂವಿನ 'ಎವೆದ್' ಕೂಡ ಗುಲಾಮನಿಗೂ ದೇವರ ಸೇವಕನಿಗೂ ಒಂದೇ, ಹಾಗಾಗಿ ಅನುವಾದ ತಪ್ಪಲ್ಲ. ಆದರೆ ಪುರಂದರದಾಸರ, ಕನಕದಾಸರ ನಾಡಿನಲ್ಲಿ ಆ ಪದಕ್ಕೆ ತಂಬೂರಿ ಅಂಟಿಕೊಂಡಿದೆ. ಕಟ್ಟಳೆ ಮೆತ್ತಗೆ ಕೇಳಿಸುತ್ತದೆ. 'ಚೋಮನ ದುಡಿ' ಓದಿದ ನಮಗೆ ಇನ್ನೊಂದು ಪದ ಗೊತ್ತಿದೆ. ಅದೇ ಸಾಲನ್ನು 'ಜೀತದಾಳು' ಎಂದು ಬದಲಿಸಿ ಗಟ್ಟಿಯಾಗಿ ಓದಿದೆ. ಕೋಲು, ಏಟು, ಒಂದೆರಡು ದಿನ. ಎರಡನೆಯ ಸಲ ಓದಲು ಬಾಯಿ ಬರಲಿಲ್ಲ.